ಸ್ವಾಧೀನ ತಪ್ಪಿದ್ದು ಕಾಲು ಮಾತ್ರ

ನಮ್ಮ ಕಡೆ ವಯಸ್ಸಾದವರ ಬಾಯಲ್ಲಿ ಆಗಾಗ ಬರುವ ಒಂದು ಮಾತು ಉಂಟು. "ಕೈಕಾಲು ಗಟ್ಟಿ ಇರುವಾಗಲೇ ದೇವರು ಕರ್ಕೊಂಡು ಹೋಗ್ಲಿ. ಇನ್ನೊಬ್ಬರ ಕೈ ಕಾಯುವ ಹಾಗೆ ಆಗುವುದು ಬೇಡ." ಸಣ್ಣವಳಿದ್ದಾಗಿನಿಂದ ಇದನ್ನು ಕೇಳುತ್ತಾ ಬಂದಿದ್ದೇನೆ. ತಪ್ಪೇನೂ ಕಂಡಿರಲಿಲ್ಲ. ಈಗ ನನ್ನ ದೊಡ್ಡಮ್ಮನ ಮಗನ ಎದುರು ಯಾರಾದರೂ ಅದೇ ಮಾತು ಆಡಿದರೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ಕೈಕಾಲು ಗಟ್ಟಿ ಇಲ್ಲದ ಬದುಕು ಬದುಕೇ ಅಲ್ಲ ಅಂತ ಅವನ ಮುಖಕ್ಕೇ ಹೇಳಿದ ಹಾಗೆ ಅಲ್ವಾ ಅದು?

ಅಣ್ಣನ ಮನೆ ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ, ಗಂಜಿಮಠದಿಂದ ಒಳಗೆ. ಒಂದು ಮಳೆಗಾಲ ಅಡಿಕೆಗೆ ಮದ್ದು ಬಿಡಲು ಮರ ಹತ್ತಿದ್ದ. ಕೊಳೆರೋಗ ಬಾರದ ಹಾಗೆ ಮೈಲುತುತ್ತು, ಸುಣ್ಣ ಕಲಸಿ ಗೊನೆಗೆ ಸಿಂಪಡಿಸುವ ಕೆಲಸ. ಮಳೆ ಬಿಟ್ಟ ಅರ್ಧ ದಿನದಲ್ಲೇ ಮುಗಿಸಬೇಕು, ಮರ ಮಾತ್ರ ಒದ್ದೆಯೇ ಇರುತ್ತದೆ. ಜಾರಿ ಬಿದ್ದ. ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ಕರಾವಳಿಯಲ್ಲಿ ಹೀಗೆ ಅಡಿಕೆ ಮರದಿಂದ, ತೆಂಗಿನ ಮರದಿಂದ ಬಿದ್ದು ಗಾಲಿಕುರ್ಚಿಗೆ ಬಂದವರು ತುಂಬ ಮಂದಿ. ಕೊಕ್ಕಡದ ಸೌತಡ್ಕದಲ್ಲಿ ಬೆನ್ನುಹುರಿಗೆ ಪೆಟ್ಟಾದವರಿಗಾಗಿಯೇ ಸೇವಾಧಾಮ ಅಂತ ಒಂದು ಕೇಂದ್ರ ಇದೆ.

ಅವನು ಆಸ್ಪತ್ರೆಯಿಂದ ಮನೆಗೆ ಬಂದ ವರ್ಷ ದೊಡ್ಡಪ್ಪ ಹೊಸ ಅಡಿಕೆಯನ್ನೆಲ್ಲ ಒಮ್ಮೆಗೇ ಮಾರಿಬಿಟ್ಟರು. ಅದಕ್ಕೆ ಮೊದಲು ಯಾವಾಗ ಮಾರಬೇಕು, ಎಷ್ಟನ್ನು ಹಳತಾಗಲು ಇಡಬೇಕು ಅಂತ ನೋಡುತ್ತಿದ್ದದ್ದು ಅಣ್ಣನೇ. ಈ ಸಲ ಅವನನ್ನು ಒಂದು ಮಾತು ಕೇಳಲಿಲ್ಲ. "ಪಾಪ, ಅವನಿಗೆ ಯಾಕೆ ತಲೆಬಿಸಿ ಕೊಡುವುದು ಅಂತ" ಎಂದರು ದೊಡ್ಡಪ್ಪ. ಪ್ರೀತಿಯಿಂದಲೇ ಹೇಳಿದ್ದು, ನನಗೆ ಅನುಮಾನ ಇಲ್ಲ. ಅಣ್ಣ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಆಮೇಲೆ ನನ್ನ ಹತ್ತಿರ ಹೇಳಿದ, "ಅಡಿಕೆ ರೇಟು ನೋಡ್ಲಿಕ್ಕೆ ಕಾಲು ಬೇಕಾ?"

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಆ ಒಂದು ಪ್ರಶ್ನೆಯೊಳಗೇ ಇದೆ. ನಮ್ಮ ಭಾಷೆಯಲ್ಲಿ ಕಾಲು ಆಡದಿದ್ದರೆ "ಸ್ವಾಧೀನ ಇಲ್ಲ" ಅನ್ನುತ್ತೇವೆ. ಸ್ವಾಧೀನ ಅಂದರೆ ತನ್ನ ಅಧೀನದಲ್ಲಿ ಇರುವುದು. ಅಣ್ಣನಿಗೆ ಮರದ ಬುಡದಲ್ಲಿ ತಪ್ಪಿದ್ದು ಕಾಲಿನ ಸ್ವಾಧೀನ. ಉಳಿದದ್ದು ಒಂದೊಂದಾಗಿ ತಪ್ಪಿದ್ದು ಮನೆಗೆ ಬಂದ ಮೇಲೆ. ಯಾವಾಗ ಏಳುವುದು, ಏನು ಉಣ್ಣುವುದು, ಯಾರನ್ನು ಭೇಟಿ ಆಗುವುದು, ತನ್ನ ದುಡ್ಡನ್ನು ಏನು ಮಾಡುವುದು, ಎಲ್ಲ ಬೇರೆಯವರ ತೀರ್ಮಾನ ಆಯಿತು.

ಸ್ವತಂತ್ರ ಬದುಕು ಅಂದರೆ ಎಲ್ಲವನ್ನೂ ತಾನೇ ಮಾಡಿಕೊಳ್ಳುವುದು ಅಂತ ನಾವು ಅಂದುಕೊಂಡಿದ್ದೇವೆ. ಸ್ವಾವಲಂಬನೆ ಎಂಬ ಪದವೂ ಅದೇ ಅರ್ಥವನ್ನು ತಲೆಗೆ ತುಂಬಿಸುತ್ತದೆ. ಹಾಗೆ ನೋಡಿದರೆ ಯಾರು ಸ್ವಾವಲಂಬಿ ಹೇಳಿ? ನಾನು ಉಣ್ಣುವ ಅಕ್ಕಿ ನಾನು ಬೆಳೆದದ್ದಲ್ಲ. ನನ್ನ ಬಟ್ಟೆ ನಾನು ಹೊಲಿದದ್ದಲ್ಲ. ಬಸ್ಸು ಬಿಡುವವರು ಬೇರೆ, ಮಿಕ್ಸಿ ಕೆಟ್ಟರೆ ರಿಪೇರಿ ಮಾಡುವವರು ಬೇರೆ. ಆದರೂ ನನ್ನನ್ನು ಯಾರೂ ಪರಾವಲಂಬಿ ಅನ್ನುವುದಿಲ್ಲ. ಯಾಕೆ? ಏನು ಬೇಕು, ಯಾವಾಗ ಬೇಕು ಅಂತ ಹೇಳುವವಳು ನಾನು. ಅಂಗವೈಕಲ್ಯ ಇರುವವರ ಚಳವಳಿ ಸುಮಾರು ಅರವತ್ತು ವರ್ಷದಿಂದ ಕೇಳುತ್ತಿರುವುದೂ ಇಷ್ಟೇ. ಕೆಲಸಕ್ಕೆ ಕೈ ಯಾರದ್ದೇ ಇರಲಿ, ತೀರ್ಮಾನ ನನ್ನದಿರಲಿ.

ಬೆಳಗಿನ ಎರಡು ಗಂಟೆ

ಇದನ್ನು ಅಣ್ಣನ ಬೆಳಗಿನಲ್ಲಿ ನೋಡೋಣ. ಮೂತ್ರ ತಾನಾಗಿ ಹೋಗುವುದಿಲ್ಲ. ನಾಲ್ಕರಿಂದ ಆರು ಗಂಟೆಗೊಮ್ಮೆ ನಳಿಕೆ ಹಾಕಿ ತೆಗೆಯಬೇಕು. ಕೂತಲ್ಲೇ ಕೂತರೆ ಚರ್ಮ ಒಡೆದು ಹುಣ್ಣಾಗುತ್ತದೆ, ಆ ಹುಣ್ಣು ಪ್ರಾಣಕ್ಕೇ ಬರಬಹುದು. ಹಾಗಾಗಿ ಅರ್ಧ ಗಂಟೆಗೊಮ್ಮೆಯಾದರೂ ಎರಡೂ ಕೈ ಊರಿ ಮೈ ಎತ್ತಬೇಕು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿನ ಸ್ಟೂಲಿಗೆ, ಮತ್ತೆ ವಾಪಸು. ಇದನ್ನೆಲ್ಲ ಅವನು ಒಬ್ಬನೇ ಮಾಡಲು ಕಲಿತಿದ್ದಾನೆ. ಮುಗಿಯುವಾಗ ಎರಡು ಗಂಟೆ ಆಗುತ್ತದೆ, ತೋಳಿನಲ್ಲಿ ಜೀವ ಇರುವುದಿಲ್ಲ. ಪಕ್ಕದ ಮನೆಯ ಹುಡುಗ ಬಂದರೆ ಮುಕ್ಕಾಲು ಗಂಟೆ ಸಾಕು. ಒಂಬತ್ತಕ್ಕೆ ಪಂಚಾಯತಿನ ಹತ್ತಿರದ ತನ್ನ ಜೆರಾಕ್ಸ್ ಅಂಗಡಿ ಬಾಗಿಲು ತೆಗೆಯಬಹುದು.

ಮೊದಲು ಊರವರೆಲ್ಲ ಹೊಗಳುತ್ತಿದ್ದರು. "ನೋಡಿ, ಯಾರ ಹಂಗೂ ಇಲ್ಲದೆ ಎಲ್ಲ ತಾನೇ ಮಾಡಿಕೊಳ್ತಾನೆ." ಈಗ ಅವನು ಸಂಬಳ ಕೊಟ್ಟು ಆ ಹುಡುಗನನ್ನು ಇಟ್ಟುಕೊಂಡಿದ್ದಾನೆ. ಹೊಗಳಿಕೆ ಕಡಿಮೆಯಾಗಿದೆ, ಅಂಗಡಿ ನಡೆಯುತ್ತಿದೆ. ಯಾವಾಗ ಹೆಚ್ಚು ಸ್ವತಂತ್ರನಾಗಿದ್ದ ಅಂತ ಕೇಳಿದರೆ ನನಗಂತೂ ಸಂಶಯವೇ ಇಲ್ಲ. ಎರಡು ಗಂಟೆ ಒಬ್ಬನೇ ಗುದ್ದಾಡಿ ಸುಸ್ತಾಗಿ ಮಲಗುವುದು ಸ್ವಾತಂತ್ರ್ಯ ಅಲ್ಲ.

ಇನ್ನೊಂದು ವ್ಯತ್ಯಾಸವನ್ನು ಅವನೇ ಹೇಳಿದ್ದು. ಅಮ್ಮ ಮೀಯಿಸುವಾಗ ಅವನು ಮತ್ತೆ ಮಗುವಾಗುತ್ತಿದ್ದ. ನೀರು ಎಷ್ಟು ಬಿಸಿ, ತಲೆಗೆ ಎಣ್ಣೆ ಬೇಕಾ ಬೇಡವಾ, ಎಲ್ಲ ಅಮ್ಮನಿಗೇ ಗೊತ್ತು. ಬೇಡ ಅನ್ನಲು ಬಾಯಿ ಬಾರದು. ದೊಡ್ಡಮ್ಮನಿಗೂ ಎಪ್ಪತ್ತಾಯಿತು, ಸೊಂಟ ನೋವು. ಸಂಬಳ ಕೊಟ್ಟ ಹುಡುಗನಿಗೆ "ಇವತ್ತು ಏಳೂವರೆಗೆ ಬಾ, ನೀರು ಇಷ್ಟು ಬಿಸಿ ಇರ್ಲಿ" ಅನ್ನಬಹುದು. ಅಮ್ಮನಿಗೆ ಅವನು ಮತ್ತೆ ಮಗನಾಗಿದ್ದಾನೆ. ಸಂಜೆ ಇಬ್ಬರೂ ಜಗಲಿಯಲ್ಲಿ ಕೂತು ಜಗಳ ಆಡುತ್ತಾರೆ. ನನಗೆ ಅದನ್ನು ನೋಡಲು ಖುಷಿ.

ಹೀಗೆ ಬಂದು ನೆರವಾಗುವವರನ್ನು ವೈಯಕ್ತಿಕ ಸಹಾಯಕರು ಅನ್ನುತ್ತಾರೆ. ಸ್ವೀಡನ್ ದೇಶದಲ್ಲಿ 1994ರಿಂದ ಇದಕ್ಕೆ ಕಾನೂನೇ ಇದೆ. ಜಾಸ್ತಿ ನೆರವು ಬೇಕಾದವರಿಗೆ ದಿನಕ್ಕೆ ಎಷ್ಟು ಗಂಟೆ ಬೇಕೆಂದು ಲೆಕ್ಕ ಹಾಕಿ ಸರಕಾರವೇ ಹಣ ಕೊಡುತ್ತದೆ. ಯಾರನ್ನು ಇಟ್ಟುಕೊಳ್ಳಬೇಕು ಅಂತ ಆ ವ್ಯಕ್ತಿಯೇ ತೀರ್ಮಾನಿಸಬಹುದು. ನಮ್ಮ ಕಾನೂನಿನಲ್ಲಿ ಈ ಮಾತು ಬಂದಿದೆ, ಹಣ ಬಂದಿಲ್ಲ. ಅಣ್ಣನಿಗೆ ತೋಟ ಇತ್ತು, ಹಾಗಾಗಿ ಆಯಿತು. ಕೂಲಿ ಮಾಡುವ ಮನೆಯಲ್ಲಿ ಇದೇ ಆಗಿದ್ದರೆ ಇಡೀ ಭಾರ ಒಬ್ಬ ತಾಯಿಯದ್ದೋ ಹೆಂಡತಿಯದ್ದೋ ತಲೆ ಮೇಲೆ ಬೀಳುತ್ತಿತ್ತು.

ಚಕ್ರದ ಅಳತೆ

ಗಾಲಿಕುರ್ಚಿಯನ್ನು ಹತ್ತಿರದಿಂದ ನೋಡಿದ್ದೀರಾ? ಆಸ್ಪತ್ರೆಗಳಲ್ಲಿ ಒಂದು ಜಾತಿಯ ಕುರ್ಚಿ ಇರುತ್ತದೆ. ನಾಲ್ಕೂ ಚಕ್ರ ಸಣ್ಣವು. ಕೂತವರ ಕೈಗೆ ಚಕ್ರ ಎಟುಕುವುದೇ ಇಲ್ಲ. ಹಿಂದಿನಿಂದ ಇನ್ನೊಬ್ಬರು ತಳ್ಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಇನ್ನೊಂದು ಜಾತಿಯಲ್ಲಿ ಹಿಂದಿನ ಎರಡು ಚಕ್ರ ದೊಡ್ಡವು, ಅದರ ಹೊರಗೆ ಒಂದು ಬಳೆ. ಆ ಬಳೆ ಹಿಡಿದು ತಿರುಗಿಸಿದರೆ ತಾನೇ ಹೋಗಬಹುದು. ಅಣ್ಣನಿಗೆ ಮೊದಲು ಯಾರೋ ದಾನ ಕೊಟ್ಟದ್ದು ಸಣ್ಣ ಚಕ್ರದ್ದು. ಆರು ತಿಂಗಳು ಅವನು ಅದರಲ್ಲಿ ಸಾಮಾನಿನ ಹಾಗೆ ಕೂತಿದ್ದ. ದೊಡ್ಡ ಚಕ್ರದ ಕುರ್ಚಿ ಬಂದ ದಿನ ಮೊದಲು ಹೋದದ್ದು ಎಲ್ಲಿಗೆ ಗೊತ್ತಾ? ಅಂಗಳದ ತುದಿಗೆ. ಅಲ್ಲಿ ಐದು ನಿಮಿಷ ಸುಮ್ನೆ ನಿಂತು ತೋಟ ನೋಡಿ ಬಂದ. ಅಲ್ಲಿಗೆ ಕರೆದುಕೊಂಡು ಹೋಗು ಅಂತ ಅದುವರೆಗೆ ಯಾರಲ್ಲೂ ಕೇಳಿರಲಿಲ್ಲ. ಕೇಳುವಷ್ಟು ದೊಡ್ಡ ಕಾರಣ ಇರಲಿಲ್ಲವಂತೆ. ಕಾರಣ ಇಲ್ಲದೆ ಅತ್ತಿತ್ತ ಓಡಾಡುವುದು ಎಷ್ಟು ದೊಡ್ಡ ಸ್ವಾತಂತ್ರ್ಯ ಅಂತ ನಡೆಯುವ ನಮಗೆ ಗೊತ್ತೇ ಆಗುವುದಿಲ್ಲ.

ಅಂಗಳಕ್ಕೆ ಇಳಿಯಲು ಇಳಿಜಾರು ಬೇಕು. ಅದಕ್ಕೊಂದು ಲೆಕ್ಕ ಇದೆ: ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ನಮ್ಮ ಹಳೆ ಮನೆಗಳ ಜಗಲಿ ಎರಡು ಅಡಿ ಎತ್ತರ ಇದ್ದರೆ 24 ಅಡಿ ಬೇಕು. ಕಚೇರಿ, ಅಂಗಡಿ ಮೆಟ್ಟಿಲುಗಳ ಪಕ್ಕ ನಾವು ಕಾಣುವ ಎಷ್ಟೋ ಇಳಿಜಾರುಗಳು ಬೈಕು ಏರಿಸಲು ಸರಿ, ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ. ಬಚ್ಚಲಿನ ಬಾಗಿಲು ಎರಡೂಕಾಲು ಅಡಿ ಇದ್ದರೆ ಕುರ್ಚಿ ಒಳಗೆ ಹೋಗುವುದಿಲ್ಲ, ಮೂರು ಅಡಿ ಬೇಕು. ಹೊಸ ಮನೆ ಕಟ್ಟುವವರಲ್ಲಿ ಒಂದು ಕೋರಿಕೆ: ಕೆಳಗಿನ ಒಂದು ಬಚ್ಚಲಿಗಾದರೂ ಮೂರು ಅಡಿ ಬಾಗಿಲು ಇಡಿ. ಖರ್ಚು ಹೆಚ್ಚೇನೂ ಆಗುವುದಿಲ್ಲ. ಮುಂದೆ ನಿಮ್ಮ ಅಪ್ಪ ಅಮ್ಮನಿಗೇ ಬೇಕಾಗಬಹುದು.

ಅಂಗಳ ದಾಟಿದರೆ ಸಂಕ. ತೋಡಿಗೆ ಅಡ್ಡ ಹಾಕಿದ ಕಿರಿದಾದ ಕಾಂಕ್ರೀಟು ಹಲಗೆ, ಮಳೆಗಾಲದಲ್ಲಿ ಅದರ ಮೇಲೆ ಹಾವಸೆ. ಅದು ದಾಟಿದರೆ ರಸ್ತೆ. ರಸ್ತೆಯಲ್ಲಿ ಬಸ್ಸು. ಮಂಗಳೂರು, ಉಡುಪಿಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಮೆಟ್ಟಿಲು ಮೊಣಕಾಲೆತ್ತರ, ಮೇಲೆ ಕಾಲಿಡುವ ಮೊದಲೇ ಕಂಡಕ್ಟರ್ ಸೀಟಿ ಊದಿ ಆಯಿತು. ಊರುಗೋಲು ಹಿಡಿದವರು ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಒಂದರ ಹಿಂದೆ ಒಂದು ಬಸ್ಸು ಬಿಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಇಲ್ಲಿ ಅಡ್ಡಿ ಯಾವುದು? ಕಾಲಾ, ಮೆಟ್ಟಿಲಾ? ಹಳೆಯ ಯೋಚನೆ ಪ್ರಕಾರ ಕಾಲು. ಹಾಗಾಗಿ ಆ ವ್ಯಕ್ತಿಯನ್ನು ಸರಿಮಾಡಬೇಕು, ಆಗದಿದ್ದರೆ ಮನೆಯಲ್ಲಿರಿಸಿ ಅನುಕಂಪ ತೋರಿಸಬೇಕು. ಹೊಸ ಯೋಚನೆ ಪ್ರಕಾರ ಅಡ್ಡಿ ಮೆಟ್ಟಿಲು. ಮೆಟ್ಟಿಲನ್ನು ಬದಲಿಸಬಹುದು. ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ರಾಜೀವ್ ರತುರಿ ಪ್ರಕರಣದಲ್ಲಿ ಹೇಳಿದ್ದೂ ಇದನ್ನೇ. ಕಟ್ಟಡ, ಸಾರಿಗೆ ಎಲ್ಲರಿಗೂ ಎಟುಕುವಂತಿರಬೇಕು ಎಂಬುದು ಸಲಹೆಯ ರೂಪದಲ್ಲಿದ್ದರೆ ಸಾಲದು, ಕಡ್ಡಾಯ ಮಾನದಂಡ ಮಾಡಿ ಅಂತ ಕೇಂದ್ರ ಸರಕಾರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು.

ಬರ್ಕ್ಲಿಯಿಂದ ಬಂದ ಮಾತು

ಈ ಯೋಚನೆ ಒಂದು ರೂಪಕ್ಕೆ ಬಂದದ್ದು ಅಮೆರಿಕದಲ್ಲಿ. ಎಡ್ ರಾಬರ್ಟ್ಸ್ ಅಂತ ಒಬ್ಬರು. 1953ರಲ್ಲಿ, 14ನೇ ವಯಸ್ಸಿನಲ್ಲಿ ಪೋಲಿಯೊ ಬಂತು. ಕುತ್ತಿಗೆಯಿಂದ ಕೆಳಗೆ ಹೆಚ್ಚುಕಡಿಮೆ ಏನೂ ಆಡುತ್ತಿರಲಿಲ್ಲ. ರಾತ್ರಿ ಉಸಿರಾಟಕ್ಕೆ ದೊಡ್ಡ ಕಬ್ಬಿಣದ ಯಂತ್ರದೊಳಗೆ ಮಲಗಬೇಕಿತ್ತು. 1962ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಸೇರಿದರು. ಆ ಯಂತ್ರ ಹಾಸ್ಟೆಲಿನಲ್ಲಿ ಹಿಡಿಸದು. ಕ್ಯಾಂಪಸ್ಸಿನ ಆಸ್ಪತ್ರೆಯ ಒಂದು ವಾರ್ಡೇ ಅವರ ಹಾಸ್ಟೆಲ್ ಆಯಿತು. ಅವರ ಹಿಂದೆ ಇನ್ನೂ ಕೆಲವರು ಬಂದರು. ಎಲ್ಲರೂ ಸೇರಿ 1972ರಲ್ಲಿ ಊರಿನಲ್ಲೇ ಸ್ವತಂತ್ರ ಬದುಕಿನ ಕೇಂದ್ರ ಒಂದನ್ನು ಶುರು ಮಾಡಿದರು.

ಆ ಕೇಂದ್ರದಲ್ಲಿ ಏನಿತ್ತು ಅಂತ ನೋಡಿದರೆ ಆಶ್ಚರ್ಯ ಆಗುತ್ತದೆ. ಯಾವ ದೊಡ್ಡ ಚಿಕಿತ್ಸೆಯೂ ಇಲ್ಲ. ಸಹಾಯಕ್ಕೆ ಬರುವವರನ್ನು ಹುಡುಕಿಕೊಡುವುದು, ಗಾಲಿಕುರ್ಚಿ ರಿಪೇರಿ, ಮೆಟ್ಟಿಲಿಲ್ಲದ ಬಾಡಿಗೆ ಮನೆ ತೋರಿಸುವುದು, ಅದೇ ಕಷ್ಟ ಉಂಡವರಿಂದ ಹೊಸಬರಿಗೆ ಬುದ್ಧಿಮಾತು. ಅದನ್ನು ನಡೆಸುತ್ತಿದ್ದವರು ಅಂಗವೈಕಲ್ಯ ಇದ್ದವರೇ. ಕಷ್ಟ ಉಂಡವರ ಬುದ್ಧಿಮಾತು ಎಷ್ಟು ಮುಖ್ಯ ಅಂತ ಅಣ್ಣನನ್ನು ನೋಡಿ ಗೊತ್ತಾಯಿತು. ಹಾಸಿಗೆಯಿಂದ ಕುರ್ಚಿಗೆ ಜಾರುವ ಉಪಾಯವನ್ನು ಅವನಿಗೆ ಸರಿಯಾಗಿ ಕಲಿಸಿದ್ದು ಹತ್ತು ವರ್ಷದಿಂದ ಕುರ್ಚಿಯಲ್ಲಿರುವ ಇನ್ನೊಬ್ಬ ಕೃಷಿಕ. ಡಾಕ್ಟರು ಹೇಳಿದಾಗ ಆಗದು ಅಂದವನು ಅವರನ್ನು ನೋಡಿ ಆಗುತ್ತದೆ ಅಂದ.

ರಾಬರ್ಟ್ಸ್ ಅವರ ಕಥೆಯಲ್ಲಿ ಇನ್ನೂ ಒಂದು ಸಂಗತಿ ಇದೆ. ಓದಲು ನೆರವು ಕೇಳಿದಾಗ ರಾಜ್ಯದ ಪುನರ್ವಸತಿ ಇಲಾಖೆಯವರು, ಇಷ್ಟು ವೈಕಲ್ಯ ಇರುವವನು ಮುಂದೆ ಕೆಲಸ ಮಾಡಲಾರ ಅಂತ ಮೊದಲು ತಳ್ಳಿಹಾಕಿದ್ದರು. 1975ರಲ್ಲಿ ಅವರು ಅದೇ ಇಲಾಖೆಗೆ ಮುಖ್ಯಸ್ಥರಾದರು.

ಅಲ್ಲಿಂದ ಬೆಳೆದ ಮಾತು 2006ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಒಡಂಬಡಿಕೆಯಾಯಿತು. ಎಲ್ಲಿ, ಯಾರ ಜೊತೆ ವಾಸಿಸಬೇಕು ಅಂತ ಆರಿಸುವ ಹಕ್ಕು ಎಲ್ಲರಂತೆ ಅಂಗವೈಕಲ್ಯ ಇರುವವರಿಗೂ ಇದೆ ಅನ್ನುತ್ತದೆ ಅದರ 19ನೇ ವಿಧಿ. ಭಾರತ 2007ರ ಅಕ್ಟೋಬರ್ 1ರಂದು ಅದನ್ನು ಒಪ್ಪಿತು. ಅದಕ್ಕೆ ತಕ್ಕಂತೆ ಬಂದದ್ದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಜಾರಿಯಾದದ್ದು 2017ರ ಏಪ್ರಿಲ್ 19ಕ್ಕೆ. 1995ರ ಹಳೆ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯ ಇತ್ತು, ಇದರಲ್ಲಿ 21. ಸೆಕ್ಷನ್ 5 ಸಮುದಾಯದ ನಡುವೆ ಬದುಕುವ ಹಕ್ಕಿನ ಬಗ್ಗೆ. ಇಂಥ ಕಡೆಯೇ ಇರಬೇಕು ಅಂತ ಯಾರನ್ನೂ ಬಲವಂತ ಮಾಡುವಂತಿಲ್ಲ.

ಕುಂಜಿಬೆಟ್ಟಿನಿಂದ ಟೈಗರ್ ಸರ್ಕಲಿಗೆ

ಇಲ್ಲಿಯವರೆಗೆ ನೀವು ತಲೆ ಅಲ್ಲಾಡಿಸಿರಬಹುದು. ಅಣ್ಣನಿಗೆ ಬುದ್ಧಿ ಚುರುಕಿದೆ, ಅವನೇ ತೀರ್ಮಾನ ಮಾಡಲಿ, ಸರಿ. ಬುದ್ಧಿ ಬೆಳವಣಿಗೆ ನಿಧಾನ ಇರುವವರಿಗೆ?

ಉಡುಪಿಯ ಕುಂಜಿಬೆಟ್ಟಿನಲ್ಲಿ ನನ್ನ ಗೆಳತಿಯ ಮಗಳಿಗೆ ಡೌನ್ ಸಿಂಡ್ರೋಮ್. ಈಗ 23 ವರ್ಷ. ಮಣಿಪಾಲದ ಒಂದು ಬೇಕರಿಯಲ್ಲಿ ಪ್ಯಾಕಿಂಗ್ ಕೆಲಸ ಸಿಕ್ಕಿತು. ಅಮ್ಮ ದಿನಾ ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದಳು. ಒಂದು ದಿನ ಹುಡುಗಿ ಹೇಳಿದಳು, "ನಾನು ಬಸ್ಸಲ್ಲಿ ಹೋಗ್ತೇನೆ. ಎಲ್ಲರೂ ಬಸ್ಸಲ್ಲಿ ಬರ್ತಾರೆ." ಗೆಳತಿಗೆ ಮೂರು ರಾತ್ರಿ ನಿದ್ದೆ ಇಲ್ಲ.

ಅವರು ಮಾಡಿದ್ದು ಹೀಗೆ. ಎರಡು ವಾರ ಅಮ್ಮ ಜೊತೆಯಲ್ಲೇ ಬಸ್ಸಿನಲ್ಲಿ ಹೋದಳು. ಇಂದ್ರಾಳಿ, ಸಿಂಡಿಕೇಟ್ ಸರ್ಕಲ್, ಆಮೇಲೆ ಅವಳು ಇಳಿಯಬೇಕಾದ ಟೈಗರ್ ಸರ್ಕಲ್, ದಾರಿಯ ಗುರುತುಗಳ ಫೋಟೊ ತೆಗೆದು ಒಂದು ಸಣ್ಣ ಕಾರ್ಡಿಗೆ ಅಂಟಿಸಿದರು. ಮೂರನೇ ವಾರ ಅಮ್ಮ ಅದೇ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ, ಪರಿಚಯ ಇಲ್ಲದವಳ ಹಾಗೆ. ನಾಲ್ಕನೇ ವಾರ ಬಸ್ಸಿನ ಹಿಂದೆ ಸ್ಕೂಟರಿನಲ್ಲಿ. ಐದನೇ ವಾರ ಮನೆಯಲ್ಲಿ, ಫೋನು ಕೈಯಲ್ಲಿ ಹಿಡಿದುಕೊಂಡು. ಎರಡು ತಿಂಗಳಾದ ಮೇಲೆ ಒಂದು ದಿನ ಹುಡುಗಿ ಕಿಟಕಿ ಹೊರಗೆ ನೋಡುತ್ತಾ ಸ್ಟಾಪು ಬಿಟ್ಟಳು. ಬಸ್ಸು ಪರ್ಕಳಕ್ಕೆ ಹೋಯಿತು. ಅವಳು ಕಾರ್ಡು ತೋರಿಸಿದಳು, ಕಂಡಕ್ಟರ್ ವಾಪಸು ಬರುವ ಬಸ್ಸಿಗೆ ಹತ್ತಿಸಿದರು. ಕೆಲಸಕ್ಕೆ ನಲವತ್ತು ನಿಮಿಷ ತಡ. ಮನೆಗೆ ಬಂದು ಅದನ್ನು ಹೆಮ್ಮೆಯಿಂದ ಹೇಳಿಕೊಂಡಳು.

ಆ ದಿನ ಗೆಳತಿ, ಮಗಳು ಬಸ್ಸಿನಲ್ಲಿ ಹೋಗುವುದನ್ನೇ ನಿಲ್ಲಿಸಿಬಿಡಬಹುದಿತ್ತು. ಯಾರೂ ತಪ್ಪು ಅನ್ನುತ್ತಿರಲಿಲ್ಲ. ಸ್ಟಾಪು ತಪ್ಪುವುದು, ದುಡ್ಡು ಕಳೆದುಕೊಳ್ಳುವುದು, ಬೇಡದ್ದನ್ನು ಕೊಂಡು ಆಮೇಲೆ ಪಶ್ಚಾತ್ತಾಪ ಪಡುವುದು, ನಾವೆಲ್ಲ ಹೀಗೆಯೇ ಕಲಿತದ್ದು. ವೈಕಲ್ಯ ಇರುವವರಿಗೆ ಮಾತ್ರ ತಪ್ಪು ಮಾಡುವ ಅವಕಾಶವೇ ಇಲ್ಲ. ಒಂದು ಸಲ ಎಡವಿದರೆ ಸಾಕು, "ಹೇಳಿದ್ದೆ ಅಲ್ವಾ, ಆಗುವುದಿಲ್ಲ ಅಂತ" ಎಂದು ಬಾಗಿಲು ಹಾಕುತ್ತೇವೆ.

ಸಂಬಳ ಬರಲು ಖಾತೆ ಬೇಕಾಯಿತು. ಅಮ್ಮ, ಮಗಳು ಒಂದು ಬ್ಯಾಂಕಿಗೆ ಹೋದರು. ಕೌಂಟರಿನಲ್ಲಿದ್ದವರು ಹುಡುಗಿಯ ಮುಖ ನೋಡಿ ಅಮ್ಮನಲ್ಲಿ ಕೇಳಿದರು, "ಇವಳ ಗಾರ್ಡಿಯನ್ ಸರ್ಟಿಫಿಕೇಟ್ ಉಂಟಾ?" ಹುಡುಗಿ ಪೆನ್ನು ಹಿಡಿದು ಅಲ್ಲೇ ನಿಂತಿದ್ದಳು. ಮನೆಯಲ್ಲಿ ಒಂದು ವಾರ ಸಹಿ ಹಾಕಲು ಅಭ್ಯಾಸ ಮಾಡಿ ಬಂದಿದ್ದಳು.

ಇಲ್ಲಿ ಕಾನೂನು ಸ್ವಲ್ಪ ಗೊಂದಲದ್ದು, ಬಿಡಿಸಿ ಹೇಳುತ್ತೇನೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ, ಜನ ನ್ಯಾಷನಲ್ ಟ್ರಸ್ಟ್ ಅನ್ನುವುದು, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಈ ನಾಲ್ಕಕ್ಕೆ ಸಂಬಂಧಿಸಿದ್ದು. ಈ ನಾಲ್ಕರಲ್ಲಿ ಒಂದು ಇರುವವರಿಗೆ 18 ತುಂಬಿದ ಮೇಲೆ ಕಾನೂನುಬದ್ಧ ಪೋಷಕರನ್ನು, ಅಂದರೆ ಗಾರ್ಡಿಯನ್ ಒಬ್ಬರನ್ನು ನೇಮಿಸಬಹುದು. ಅದನ್ನು ಮಾಡುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಸ್ಥಳೀಯ ಸಮಿತಿ. ಪೋಷಕರು ಬಂದರೆ ಅವರ ಸಹಿಯೇ ಸಹಿ.

2016ರ ಕಾಯ್ದೆಯ ದಾರಿ ಬೇರೆ. ಅದರ ಸೆಕ್ಷನ್ 13ರ ಪ್ರಕಾರ ಅಂಗವೈಕಲ್ಯ ಇರುವವರಿಗೂ ಆಸ್ತಿ ಹೊಂದುವ, ತಮ್ಮ ಹಣಕಾಸು ತಾವೇ ನೋಡಿಕೊಳ್ಳುವ, ಬ್ಯಾಂಕ್ ಸಾಲ ಪಡೆಯುವ ಹಕ್ಕು ಎಲ್ಲರ ಹಾಗೆಯೇ ಇದೆ. ನೆರವು ಬೇಕಾದರೆ ನೆರವು ತೆಗೆದುಕೊಳ್ಳಬಹುದು. ನೆರವಾಗುವವರು ಒತ್ತಡ ಹಾಕುವಂತಿಲ್ಲ. ಆ ವ್ಯವಹಾರದಲ್ಲಿ ಅವರದ್ದೇ ಲಾಭ ನಷ್ಟ ಇದ್ದರೆ ಅವರು ಅದರಿಂದ ದೂರ ನಿಲ್ಲಬೇಕು. ಜಾಗದ ಪಾಲಿನ ವಿಷಯ ಬಂದಾಗ ಅಣ್ಣತಮ್ಮಂದಿರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಸೆಕ್ಷನ್ 14 ಪೋಷಕತ್ವವನ್ನು ತೀರ ಚಿಕ್ಕದು ಮಾಡಿದೆ. ಒಂದು ನಿರ್ದಿಷ್ಟ ತೀರ್ಮಾನಕ್ಕೆ, ಒಂದು ನಿರ್ದಿಷ್ಟ ಅವಧಿಗೆ ಮಾತ್ರ. ಅದೂ ಇಬ್ಬರೂ ಸೇರಿ ಮಾಡುವ ತೀರ್ಮಾನ, ಆ ವ್ಯಕ್ತಿಯ ಇಷ್ಟದಂತೆ. ಎರಡು ಕಾಯ್ದೆಗಳು ಎರಡು ಕಡೆ ಎಳೆಯುತ್ತಿರುವುದರಿಂದ ಕೌಂಟರುಗಳಲ್ಲಿ ಗೊಂದಲ. ನನ್ನ ಅಭಿಪ್ರಾಯ ಕೇಳಿದರೆ, ಇಡೀ ಪೋಷಕತ್ವದ ಅರ್ಜಿ ಹಾಕಲು ಅವಸರ ಮಾಡಬೇಡಿ. ಒಂದು ಉಳಿತಾಯ ಖಾತೆಗಾಗಿ ಒಬ್ಬರ ಸಹಿಯನ್ನು ಜೀವನಪೂರ್ತಿ ಇನ್ನೊಬ್ಬರ ಕೈಗೆ ಕೊಡುವುದು ದುಬಾರಿ ವ್ಯಾಪಾರ. ಗೆಳತಿ ಮ್ಯಾನೇಜರ್ ಹತ್ತಿರ ಕೂತು ಸೆಕ್ಷನ್ 13 ಓದಿ ತೋರಿಸಿದಳು. ಮೂರನೇ ಸಲ ಹೋದಾಗ ಖಾತೆ ಆಯಿತು.

ನೆರವಿನ ತೀರ್ಮಾನ ಅಂದರೆ ದೊಡ್ಡ ತಂತ್ರವೇನೂ ಅಲ್ಲ. ಒಂದು ದೊಡ್ಡ ಪ್ರಶ್ನೆಯನ್ನು ಸಣ್ಣ ಸಣ್ಣದು ಮಾಡುವುದು. ಚಿತ್ರ ತೋರಿಸುವುದು. ಅವಸರ ಮಾಡದೆ ಕಾಯುವುದು. ಎರಡನ್ನೂ ಒಮ್ಮೆ ಮಾಡಿ ನೋಡಲು ಬಿಡುವುದು. ಬೇಡ ಅಂದರೆ ಅದನ್ನು ಹಟ ಅನ್ನದೆ ಉತ್ತರ ಅಂತ ತೆಗೆದುಕೊಳ್ಳುವುದು. ಮಾನಸಿಕ ಕಾಯಿಲೆ ಇರುವವರಿಗೂ 2017ರ ಮಾನಸಿಕ ಆರೋಗ್ಯ ಕಾಯ್ದೆ ಇಂಥದ್ದೇ ಒಂದು ದಾರಿ ಕೊಟ್ಟಿದೆ. ಚೆನ್ನಾಗಿರುವಾಗಲೇ, ಮುಂದೆ ಹುಷಾರು ತಪ್ಪಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಅಂತ ಬರೆದಿಡಬಹುದು.

ನನ್ನ ನಂತರ ಯಾರು?

ಇದೆಲ್ಲ ಪರದೇಶದ ಮಾತು, ನಮ್ಮಲ್ಲಿ ಕುಟುಂಬ ಇದೆ ಅನ್ನುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ನಿಜ ಇದೆ. ಅಣ್ಣನಿಗೆ ಮನೆ ಬಿಟ್ಟು ಬೇರೆ ಇರುವ ಆಸೆ ಇಲ್ಲ. ಅವನಿಗೆ ಬೇಕಾದದ್ದು ತನ್ನ ಕೋಣೆಗೆ ಒಳಗಿನಿಂದ ಹಾಕುವ ಚಿಲಕ, ಅದೂ ಕೂತು ಎಟುಕುವ ಎತ್ತರದಲ್ಲಿ. ತನ್ನ ಎಟಿಎಂ ಕಾರ್ಡು ತನ್ನ ಹತ್ತಿರ. ಮದುವೆ ಕಾಗದ ಬಂದರೆ "ನೀನು ಬರ್ತಿಯಾ" ಅಂತ ಒಂದು ಪ್ರಶ್ನೆ. ನಮ್ಮೂರಲ್ಲಿ ಸ್ವತಂತ್ರ ಬದುಕು ಶುರುವಾಗುವುದು ಮನೆಯೊಳಗೆ ಅಂತ ನಾನು ನಂಬಿದ್ದೇನೆ.

ಆದರೆ ಕುಟುಂಬ ಎಲ್ಲಿಯವರೆಗೆ? ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಕೊಕ್ಕಡ, ಪಟ್ರಮೆ, ಆಲಂಕಾರಿನ ಕಡೆ ಹೋದರೆ ಈ ಪ್ರಶ್ನೆ ಎದೆಗೆ ನಾಟುತ್ತದೆ. ಗೇರು ತೋಟಗಳಿಗೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಊರುಗಳವು. ಸುಪ್ರೀಂ ಕೋರ್ಟು ಆ ವಿಷವನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಮಕ್ಕಳು ಹುಟ್ಟಿ ಬೆಳೆದಿದ್ದರು. ಮಾತಾಡಲಾಗದ, ಎದ್ದು ಕೂರಲಾಗದ ಮಕ್ಕಳನ್ನು ಎತ್ತಿ ಎತ್ತಿ ಅಮ್ಮಂದಿರು ಮುದುಕಿಯರಾಗಿದ್ದಾರೆ. ಕೊಕ್ಕಡ, ಕೊಯಿಲದಲ್ಲಿ ಹಗಲು ಪಾಲನಾ ಕೇಂದ್ರಗಳಿವೆ. ಹಗಲು ಸರಿ, ರಾತ್ರಿ? ತಾವು ಹೋದ ಮೇಲೆ? ಶಾಶ್ವತ ಕೇಂದ್ರವೊಂದು ಬೇಕು ಅಂತ ಅವರು ಕೇಳುತ್ತಾ ಬಂದಿದ್ದಾರೆ. ಸಂಸ್ಥೆಯಲ್ಲಿ ಇರಿಸುವುದು ತಪ್ಪು ಅಂತ ದೂರದಿಂದ ಅವರಿಗೆ ಪಾಠ ಹೇಳುವ ಹಕ್ಕು ನನಗಿಲ್ಲ.

ಆದರೂ ಒಂದು ಮಾತು ಹೇಳಲೇಬೇಕು. ಮಾತು ಬಾರದವರಿಗೂ ಇಷ್ಟಾನಿಷ್ಟ ಉಂಟು. ಗಂಜಿಗೆ ಉಪ್ಪು ಜಾಸ್ತಿಯಾದರೆ ಮುಖ ತಿರುಗಿಸುವುದು, ಒಬ್ಬರು ಎತ್ತಿಕೊಂಡರೆ ಸಡಿಲವಾಗುವ ಮೈ ಇನ್ನೊಬ್ಬರು ಎತ್ತಿದರೆ ಬಿಗಿಯಾಗುವುದು, ಮಳೆ ಸದ್ದಿಗೆ ಕಣ್ಣು ಅರಳುವುದು. ಈ ಭಾಷೆ ಅಮ್ಮನಿಗೆ ಮಾತ್ರ ಗೊತ್ತು. ಅಮ್ಮ ಹೋದರೆ ಅದೂ ಹೋಗುತ್ತದೆ. ಹಾಗಾಗಿ ಅಮ್ಮಂದಿರು ಇರುವಾಗಲೇ ಅದನ್ನು ಬರೆದಿಡಬೇಕು, ವಿಡಿಯೊ ಮಾಡಿಡಬೇಕು, ಇನ್ನಿಬ್ಬರಿಗಾದರೂ ಕಲಿಸಬೇಕು. ನಾಳೆ ಆ ಮಗು ಎಲ್ಲೇ ಇರಲಿ, ಅದರ "ಬೇಡ" ಅಲ್ಲಿಯವರಿಗೆ ಅರ್ಥವಾಗಬೇಕು. ಹೆಚ್ಚಿನ ನೆರವು ಬೇಕಾದವರು ಅದಕ್ಕಾಗಿಯೇ ಅರ್ಜಿ ಹಾಕಬಹುದು ಅನ್ನುತ್ತದೆ 2016ರ ಕಾಯ್ದೆಯ ಸೆಕ್ಷನ್ 38. ಆರೈಕೆ ಮಾಡುವವರಿಗಾಗಿ ಭತ್ಯೆಯ ಮಾತು ಅದೇ ಕಾಯ್ದೆಯ ಸೆಕ್ಷನ್ 24ರಲ್ಲಿ ಇದೆ. ಅಮ್ಮನ ವಯಸ್ಸು ನಲವತ್ತು ಇರುವಾಗಲೇ ಮನೆ ಬಾಗಿಲಿಗೆ ನೆರವು ಬಂದಿದ್ದರೆ, ಎಪ್ಪತ್ತರಲ್ಲಿ ಅವಳು ಸಂಸ್ಥೆಯ ಬಾಗಿಲು ಹುಡುಕಬೇಕಾಗಿರಲಿಲ್ಲ.

ಈಗ ಓದುತ್ತಿರುವವರಲ್ಲಿ ಯಾರಿಗಾದರೂ ಬೇಕಾದರೆ ಕೆಲವು ದಾರಿಗಳು. ಗುರುತಿನ ಚೀಟಿಗೆ, ಅಂದರೆ ಯುಡಿಐಡಿ ಕಾರ್ಡಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕು, ಆಮೇಲೆ ವೈದ್ಯಕೀಯ ತಪಾಸಣೆ ಆಗುತ್ತದೆ. ಹೆಚ್ಚಿನ ಸೌಲಭ್ಯಗಳಿಗೆ ಶೇ 40ರಷ್ಟು ವೈಕಲ್ಯ ಇರಬೇಕು. ಅರ್ಜಿ ತುಂಬಿಸಲು ಗೊತ್ತಾಗದಿದ್ದರೆ ಗ್ರಾಮ ಪಂಚಾಯತಿನಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಜನ ವಿಆರ್‌ಡಬ್ಲ್ಯು ಅನ್ನುವುದು ಅವರನ್ನೇ. ಹೆಚ್ಚಿನವರು ಸ್ವತಃ ಅಂಗವೈಕಲ್ಯ ಇರುವವರು. ಕಾಯ್ದೆ ಮೀರಿದವರ ಮೇಲೆ ಅಂಗವಿಕಲರಿಗಾಗಿ ಇರುವ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. 2023ರ ವಿಧಾನಸಭಾ ಚುನಾವಣೆಯಲ್ಲಿ ಮನೆಯಿಂದಲೇ ಮತ ಹಾಕುವ ಅವಕಾಶ ಬಂತು. ಅಣ್ಣನಿಗೂ ಕೇಳಿದರು. ಬೇಡ ಅಂದ. ಬೂತಿಗೇ ಹೋಗಿ ಸಾಲಿನಲ್ಲಿ ಊರವರ ಜೊತೆ ಮಾತಾಡಿ ಮತ ಹಾಕಿ ಬಂದ. ಹಾಸಿಗೆಯಿಂದ ಏಳಲಾಗದವರಿಗೆ ಆ ಸೌಲಭ್ಯ ವರವೇ. ಇದೇ ನಿನಗೆ ಒಳ್ಳೆಯದು ಅಂತ ಹೇರಿದರೆ ಮಾತ್ರ ಅದೂ ಇನ್ನೊಂದು ಬೀಗ.

ಪಂಚಾಯತಿನ ಹಣದಲ್ಲಿ ಶೇ 5 ವಿಕಲಚೇತನರಿಗೆ ಮೀಸಲು. ಅದಕ್ಕಾಗಿ ವಿಶೇಷ ಗ್ರಾಮಸಭೆಯೂ ನಡೆಯುತ್ತದೆ. ಕಳೆದ ಸಭೆಗೆ ಅಣ್ಣ ಹೋಗಿದ್ದ. ಏನು ಕೊಡೋಣ ಅಂತ ಯಾರೋ ಶುರು ಮಾಡುವಾಗಲೇ ಕೈ ಎತ್ತಿ, ಏನೂ ಕೊಡುವುದು ಬೇಡ, ನಮ್ಮ ಸಂಕ ಅಗಲ ಮಾಡಿ ಅಂದನಂತೆ. ಆ ದಾರಿಯಲ್ಲಿ ಇನ್ನೂ ನಾಲ್ಕು ಮನೆ ಇವೆ. ಒಬ್ಬರು ಅಜ್ಜಿ ಮಳೆಗಾಲ ಪೂರ್ತಿ ಮನೆಯಿಂದ ಹೊರಗೆ ಬರುವುದಿಲ್ಲ. ಎಷ್ಟು ಅಗಲ ಬೇಕು ಅಂತ ಕೇಳಿದ್ದಕ್ಕೆ ಮೊದಲೇ ಚೀಟಿಯಲ್ಲಿ ಬರೆದುಕೊಂಡು ಹೋದದ್ದನ್ನು ಕೊಟ್ಟಿದ್ದಾನೆ: ನಾಲ್ಕು ಅಡಿ, ಎರಡೂ ಕಡೆ ಕೈಹಿಡಿ, ಮೇಲ್ಮೈ ದೊರಗು.

ಮೊನ್ನೆ ಫೋನ್ ಮಾಡಿದ್ದ. ಇಂಜಿನಿಯರ್ ಬಂದು ಅಳತೆ ತೆಗೆದುಕೊಂಡು ಹೋದರಂತೆ, ಮಳೆ ಬಿಟ್ಟ ಮೇಲೆ ಕೆಲಸವಂತೆ. ಜೊತೆಗೆ ಈ ವರ್ಷದ ಅಡಿಕೆ ಅರ್ಧ ಮಾತ್ರ ಮಾರಿದ್ದು ಅಂತಲೂ ಹೇಳಿದ. ಉಳಿದದ್ದು ಹಳತಾಗಲಿ ಅಂತ ಇಟ್ಟಿದ್ದಾನೆ. ದೊಡ್ಡಪ್ಪನಿಗೆ ಅಷ್ಟು ಸಮಾಧಾನ ಇಲ್ಲ. ರೇಟು ಇಳಿದರೆ ನಿನ್ನದೇ ಜವಾಬ್ದಾರಿ ಅಂದರಂತೆ.

"ಹೌದು, ನನ್ನದೇ" ಅಂದೆ ಅಂತ ಹೇಳಿದ.